ಹಿಂದಕ್ಕೆ ಹೋಗುವವನ ಆರೋಗ್ಯಕ್ಕೆ

ರೇವಾಜ್‌ನ ಕತ್ತು ಇವತ್ತು ಉಳಿಯುವುದಿಲ್ಲ ಎಂಬ ವಿಷಯದಲ್ಲಿ ನಮ್ಮೂರು ಕುತಾಯಿಸಿಯಲ್ಲಿ ಎರಡು ಮಾತಿರಲಿಲ್ಲ. ಪಂದ್ಯ ಮೂರು ಗಂಟೆಗೆ. ಹನ್ನೆರಡಕ್ಕೇ ಕ್ರೀಡಾಂಗಣ ತುಂಬಿತ್ತು. ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತ ಕೂತವರಿಗೆ ಚೆಂಡಿನ ಚಿಂತೆಯೇ ಇರಲಿಲ್ಲ. ಅವರು ಬಂದದ್ದು ಸೇಡು ನೋಡಲು.

ಸೇಡು ತೀರಿಸಬೇಕಾದವನು ಗೊಚಾ. ಮೂವತ್ತೇಳು ವರ್ಷ, ನೂರಿಪ್ಪತ್ತು ಕಿಲೋ, ಉಜ್ಜಿ ಉಜ್ಜಿ ಮುದ್ದೆಯಾದ ಕಿವಿಗಳು. ಫ್ರಾನ್ಸಿನಲ್ಲಿ ಹದಿನಾಲ್ಕು ವರ್ಷ ರಗ್ಬಿ ಆಡಿ ಹೆಸರು ಮಾಡಿ, ಕೊನೆಯ ಪಂದ್ಯಕ್ಕೆ ತವರಿಗೆ ಬಂದಿದ್ದ. ಕರೆಸಿದವನು ಮಲ್ಖಾಜ್.

ಮಲ್ಖಾಜ್‌ನ ಕಥೆ ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಹದಿನಾಲ್ಕು ವರ್ಷದ ಹಿಂದೆ, ಇದೇ ಮೈದಾನ, ಇದೇ ಎದುರಾಳಿ ತಂಡ. ಸ್ಕ್ರಮ್ ಅಂದರೆ ಎಂಟು ಜನ ಈ ಕಡೆ, ಎಂಟು ಜನ ಆ ಕಡೆ, ಬಗ್ಗಿ ತಲೆ ಸಿಕ್ಕಿಸಿ ನೂಕುವುದು. ಮುಂದಿನ ಸಾಲಿನಲ್ಲಿ ಮೂವರು. ನಡುವಿನವನ ಎರಡೂ ಕೈ ಪಕ್ಕದವರ ಬೆನ್ನ ಮೇಲಿರುತ್ತವೆ. ಸಾಲು ಕುಸಿದರೆ ಅವನು ಕೈ ಊರುವಂತಿಲ್ಲ, ತಲೆಯೇ ನೆಲಕ್ಕೆ. ಅವತ್ತು ನಡುವೆ ಮಲ್ಖಾಜ್, ಅವನ ಬಲಕ್ಕೆ ಗೊಚಾ, ಗೊಚಾನ ಎದುರು ರೇವಾಜ್. ನಮ್ಮ ತಂಡ ಕಾಯಬೇಕಾದ ಗೆರೆಗೆ ಹತ್ತು ಹೆಜ್ಜೆ ದೂರದಲ್ಲಿ ಸ್ಕ್ರಮ್ ಕುಸಿಯಿತು. ಹೊರಗಿನವರಿಗೆ ಕಂಡದ್ದು ಮನುಷ್ಯರ ರಾಶಿ ಮಾತ್ರ. ಬೀಳಿಸಿದವನು ಇವನೇ ಎಂದು ರೆಫರಿ ರೇವಾಜ್‌ನತ್ತ ಕೈ ತೋರಿಸಿದ. ಮಲ್ಖಾಜ್ ಮತ್ತೆ ಏಳಲಿಲ್ಲ.

ಆಟಗಾರರನ್ನು ಆರಿಸಲು ಅವತ್ತು ಫ್ರಾನ್ಸಿನಿಂದ ಇಬ್ಬರು ಬಂದಿದ್ದರು. ಗೊಚಾ ತಿಂಗಳೊಳಗೆ ವಿಮಾನ ಹತ್ತಿದ. ರೇವಾಜ್‌ಗೆ ಎರಡು ವರ್ಷ ನಿಷೇಧ, ಜೀವಮಾನಕ್ಕೆ 'ಕತ್ತು ಮುರುಕ' ಎಂಬ ಹೆಸರು. ಆಮೇಲೆ ಅವನು ಕಲ್ಲುಗಣಿಯಲ್ಲಿ ದುಡಿಯುತ್ತ ಊರ ಪಂದ್ಯಗಳಲ್ಲೇ ಆಡಿಕೊಂಡು ಉಳಿದ. ವರ್ಷವರ್ಷ ದ್ರಾಕ್ಷಿ ಕೊಯ್ಲಾದ ಮೇಲೆ ಒಂದು ಜಾಡಿ ಹೊಸ ವೈನ್ ಹೊತ್ತು ಮಲ್ಖಾಜ್‌ನ ಮನೆಗೆ ಬರುತ್ತಿದ್ದ. ಮಾಡಿದ ಪಾಪ ಕಾಡುತ್ತಿದೆ ಎಂದಿತು ಊರು. ಮಲ್ಖಾಜ್ ಅವನನ್ನು ಒಳಗೆ ಕರೆಯುತ್ತಿದ್ದ. ದೊಡ್ಡ ಮನಸ್ಸು ಎಂದಿತು ಊರು. ಗೊಚಾ ಮಾತ್ರ ಒಮ್ಮೆಯೂ ಬರಲಿಲ್ಲ. ಪಾಪ, ಗೆಳೆಯನನ್ನು ಗಾಲಿಕುರ್ಚಿಯಲ್ಲಿ ನೋಡಲಾರ ಎಂದಿತು ಊರು. ನಮ್ಮೂರಿನ ಬಳಿ ಎಲ್ಲದಕ್ಕೂ ಉತ್ತರವಿದೆ.

ಪಂದ್ಯದ ಹಿಂದಿನ ಮಧ್ಯಾಹ್ನ ತಂಡಕ್ಕೆಲ್ಲ ಮಲ್ಖಾಜ್‌ನ ಮನೆಯಲ್ಲಿ ಊಟ. ಕುರ್ಚಿಯಲ್ಲಿ ಕೂತೇ ಮುಂದಿನ ಸಾಲಿಗೆ ಪಾಠ ಹೇಳುವ ಗುರು ಅವನು. ಬಿಸಿ ಚೀಸ್ ರೊಟ್ಟಿ, ಸುಟ್ಟ ಹಂದಿಮಾಂಸ, ಹುಳಿ ಪ್ಲಮ್ ಚಟ್ನಿ. ದೇವರ ಹೆಸರಲ್ಲಿ, ನಾಡಿನ ಹೆಸರಲ್ಲಿ, ಸತ್ತವರ ಹೆಸರಲ್ಲಿ ವೈನ್ ಎತ್ತಿದ್ದಾಯಿತು. ಆಮೇಲೆ ಮಲ್ಖಾಜ್ ಬಿಯರ್ ತರಿಸಿದ. ನಮ್ಮಲ್ಲಿ ವೈನ್ ಎತ್ತುವುದು ನಮ್ಮವರಿಗೆ, ಬಿಯರ್ ಎತ್ತುವುದು ಶತ್ರುವಿಗೆ.

ಗ್ಲಾಸು ಹಿಡಿಯುವ ಶಕ್ತಿ ಮಲ್ಖಾಜ್‌ನ ಬೆರಳುಗಳಿಗಿಲ್ಲ. ಅವನ ಶಿಷ್ಯ ತೋರ್ನಿಕೆ, ಈಗ ಸ್ಕ್ರಮ್ಮಿನ ನಡುವೆ ಆಡುವವನು, ಬಾಯಿಗೆ ಹಿಡಿದ.

"ನಾಳೆ ಹಿಂದಕ್ಕೆ ಹೋಗೋನ ಆರೋಗ್ಯಕ್ಕೆ!" ಎಂದ ಮಲ್ಖಾಜ್.

ಎಲ್ಲರೂ ಮೇಜು ಗುದ್ದಿ ನಕ್ಕರು. ಗೊಚಾ ಒಂದೇ ಉಸಿರಿಗೆ ಗ್ಲಾಸು ಖಾಲಿ ಮಾಡಿದ.

"ಹೇಳು ಮಲ್ಖಾಜ್, ಅವನನ್ನ ಏನ್ ಮಾಡ್ಲಿ?"

"ಏನೂ ಮಾಡ್ಬೇಡ. ನಿಂತ್ಕೊಂಡಿರು, ಸಾಕು. ಬೀಳ್ಬೇಡ."

"ನಾನು ಬೀಳೋದಾ? ಫ್ರಾನ್ಸಲ್ಲಿ ಹೋಗಿ ಕೇಳೋ!"

"ಅವರಿಗೇನ್ ಗೊತ್ತು ಬಿಡು," ಎಂದು ಮಲ್ಖಾಜ್ ಶಿಷ್ಯನತ್ತ ಕಣ್ಣು ಹೊರಳಿಸಿದ. "ತೋರ್ನಿಕೆ, ನಾಳೆ ಗೊಚಾನ್ನ ಗಟ್ಟಿಯಾಗಿ ಹಿಡ್ಕೊ. ಪ್ರಾಣ ಹೋದ್ರೂ ಬಿಡ್ಬಾರ್ದು."

"ಬಿಡಲ್ಲಣ್ಣ."

ಮರುದಿನ ಪಂದ್ಯ ಮುಗಿಯಲು ಹತ್ತು ನಿಮಿಷವಿತ್ತು. ಅಲ್ಲಿಯವರೆಗೆ ಗೊಚಾ, ರೇವಾಜ್ ಇಬ್ಬರೂ ಸಮಸಮ. ಆಗ ನಮ್ಮ ಗೆರೆಗೆ ಹತ್ತು ಹೆಜ್ಜೆ ದೂರದಲ್ಲಿ ಸ್ಕ್ರಮ್ ಕಟ್ಟಬೇಕಾಯಿತು. ಮೈದಾನದ ಅಂಚಿಗೆ ಮಲ್ಖಾಜ್‌ನ ಕುರ್ಚಿಯನ್ನು ಯಾರೋ ತಳ್ಳಿ ತಂದರು. "ಮುರಿ! ಮುರಿ!" ಎಂದು ಜನ ಕೂಗಿದರು. ಆ ಹೊತ್ತಿಗೆ ಯಾರಿಗೂ ಕರುಣೆ ಇರಲಿಲ್ಲ, ಸುಳ್ಳೇಕೆ ಹೇಳಲಿ.

"ಇವತ್ತಿಗೆ ನಿನ್ ಕಥೆ ಮುಗೀತು, ಕತ್ತು ಮುರುಕ," ಎಂದ ಗೊಚಾ, ಕೆನ್ನೆಗೆ ಕೆನ್ನೆ ತಾಗಿದಾಗ.

"ಮುಗಿಸೋಣ ಬಾ," ಎಂದ ರೇವಾಜ್. "ನನಗೂ ಸಾಕಾಗಿದೆ."

ಚೆಂಡು ಒಳಗೆ ಹೋಯಿತು. ರೇವಾಜ್ ಕೆಳಗಿನಿಂದ ಎದ್ದು ನೂಕಿದ. ಹದಿನಾಲ್ಕು ವರ್ಷ ಬೈಗುಳ ತಿಂದ ಮೈ ಅದು. ಗೊಚಾ ಒಂದು ಹೆಜ್ಜೆ ಹಿಂದೆ ಸರಿದ. ಎರಡು. ಮೂರು. ಬೂಟು ಹುಲ್ಲು ಕಿತ್ತುಕೊಂಡು ಬಂತು.

"ಬಿಡೋ ತೋರ್ನಿಕೆ! ಕೆಳಕ್ಕೆ ಹೋಗ್ಬೇಕು, ಬಿಡೋ!"

ತೋರ್ನಿಕೆ ಗೊಚಾನ ಅಂಗಿಯನ್ನು ಕಂಕುಳ ಬಳಿ ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆತ್ತಿದ. ಗೊಚಾ ಮಂಡಿ ಮಡಚಿದ, ಮೈ ಕೆಳಗಿಳಿಯಲಿಲ್ಲ. ಪಕ್ಕದಿಂದ ತೋರ್ನಿಕೆ, ಎದುರಿನಿಂದ ರೇವಾಜ್, ಇಬ್ಬರೂ ಅವನನ್ನು ನಿಲ್ಲಿಸಿಕೊಂಡೇ ನಡೆಸಿದರು. ಏಳು. ಎಂಟು. ಹತ್ತು. ಸ್ಕ್ರಮ್ ಗೆರೆ ದಾಟಿತು. ರೆಫರಿ ಸೀಟಿ ಊದಿ ಎದುರಾಳಿಗೆ ಅಂಕ ಕೊಟ್ಟ.

ಆಮೇಲೆ ಮುದುಕನೊಬ್ಬ, "ಹಿಂದೆ ಹಿಂದೆ ನಡೆಯೋದನ್ನ ಕಲಿಯೋಕೆ ಫ್ರಾನ್ಸ್‌ವರೆಗೂ ಹೋಗ್ಬೇಕಿತ್ತಾ?" ಎಂದ. ಇಡೀ ಕ್ರೀಡಾಂಗಣ ಬಿದ್ದು ಬಿದ್ದು ನಕ್ಕಿತು. ಗೊಚಾನ ಹದಿನಾಲ್ಕು ವರ್ಷದ ಹೆಸರು ಆ ನಗುವಿನಲ್ಲಿ ಮಣ್ಣುಪಾಲಾಯಿತು.

ಅವನು ಮುಖವೆಲ್ಲ ಕೆಂಪಾಗಿ ಗಾಲಿಕುರ್ಚಿಯ ಬಳಿ ಬಂದ. "ನಿನ್ ಶಿಷ್ಯ ನನ್ನ ಬೀಳೋಕೆ ಬಿಡ್ಲಿಲ್ಲ ಮಲ್ಖಾಜ್! ಬಿಟ್ಟಿದ್ರೆ ಈ ಮರ್ಯಾದೆ ಹೋಗ್ತಿರ್ಲಿಲ್ಲ!"

"ಬಿಟ್ಟಿದ್ರೆ ತೋರ್ನಿಕೆ ಕತ್ತು ಮುರೀತಿತ್ತು ಗೊಚಾ," ಎಂದ ಮಲ್ಖಾಜ್, "ಅವತ್ತು ಇದೇ ಹತ್ತು ಹೆಜ್ಜೆ ಹಿಂದೆ ಹೋಗೋಕೆ ನಾಚ್ಕೊಂಡು ನೀನು ಮಂಡಿ ಮಡಚಿದಾಗ ನನ್ನದು ಮುರಿದ ಹಾಗೆ."