ಚಾರ್ಜ್ ಆಗುವವರೆಗೆ

ಕಾಡಿನ ರಸ್ತೆಯಲ್ಲಿ ಅವಳ ಎಲೆಕ್ಟ್ರಿಕ್ ಬೈಕು ನಿಂತುಹೋಗಿತ್ತು. ಹಿಂದಿನಿಂದ ಬಂದ ಕಾರಿನವನು ಇಳಿದು, ಅದರ ಬ್ಯಾಟರಿ ಬಿಚ್ಚಿ ತನ್ನ ಕಾರಿನಲ್ಲಿ ಚಾರ್ಜಿಗೆ ಹಾಕಿದ.

“ಅರ್ಧ ಗಂಟೆ ಸಾಕು. ಹೊರಗೆ ನಿಲ್ಲೋ ಜಾಗ ಅಲ್ಲ ಇದು ಮೇಡಂ, ಒಳಗೆ ಕೂತ್ಕೊಳ್ಳಿ.”

ಅವಳು ಅಲುಗಲಿಲ್ಲ. ದುಪಟ್ಟಾದ ಅಂಚು ಅವಳ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ಅವನಿಗೆ ಅರ್ಥವಾಯಿತು.

“ಸರಿ, ನಾನೇ ಹೊರಗಿರ್ತೀನಿ. ನೀವು ಒಳಗಿಂದ ಲಾಕ್ ಮಾಡ್ಕೊಳ್ಳಿ. ನಾನು ಕರೆದ್ರೂ ತೆಗೀಬೇಡಿ, ಆಯ್ತಾ?” ಎಂದು ನಕ್ಕ.

ಅವಳು ಕೂತು ಲಾಕ್ ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ಅವನು ಓಡಿಬಂದು ಗಾಜು ಬಡಿಯತೊಡಗಿದ.

“ಬಾಗಿಲು ತೆಗೀರಿ! ಬೇಗ!”

ಅಂದುಕೊಂಡ ಹಾಗೇ ಆಯಿತಲ್ಲ ಎಂದು ಅವಳು ಎರಡೂ ಕೈಯಿಂದ ಬಾಗಿಲನ್ನು ಎಳೆದು ಹಿಡಿದು, ಕಣ್ಣು ಮುಚ್ಚಿದಳು.

ಬಡಿತ ನಿಂತಿತು. ಕಣ್ಣು ತೆರೆದರೆ, ಕಿಟಕಿಯ ತುಂಬ ಆನೆಯ ಕಾಲು.