ಯಮನೂರನ ಕೈಯಲ್ಲಿ ನನ್ನ ಜಿಪಿಎಸ್

ಆನೆಗೊಂದಿಯ ಬೆಟ್ಟದಲ್ಲಿ ಕಳೆದುಹೋಗಿದ್ದ ನನ್ನ ಜಿಪಿಎಸ್ ಒಂಬತ್ತನೇ ದಿನ ಕಣ್ಣಿಗೆ ಬಿತ್ತು, ಯಮನೂರನ ಕೈಯಲ್ಲಿ. ಅವನೂ ನನ್ನಂತೆ ಚಾರಣಕ್ಕೆ ಬಂದವರಿಗೆ ದಾರಿ ತೋರಿಸುವ ಗೈಡು. ಚಹಾದಂಗಡಿ ಮುಂದೆ ಕೂತು ಅದರ ಜೊತೆ ಹರಟುತ್ತಿದ್ದ. ಅದು ನಗುತ್ತಿತ್ತು. ನಾಲ್ಕು ವರ್ಷ ನನ್ನ ಜೇಬಿನಲ್ಲಿದ್ದರೂ ಒಮ್ಮೆಯೂ ನಕ್ಕಿರಲಿಲ್ಲ. ನನ್ನ ಹೊಟ್ಟೆ ಧಗಧಗ ಉರಿಯಿತು.

"ಕೊಡಲೇ, ನಂದದು!"

"ತಡಿಯಪಾ ಗಾದಿಲಿಂಗ, ಅದನ್ನ ಕೇಳೂಣು."

ಕಳೆದು ಸಿಕ್ಕ ಯಂತ್ರ ಯಾರಿಗೆ ಸೇರಬೇಕೆಂದು ಅದನ್ನೇ ಕೇಳುವುದು ನಮ್ಮ ಗೈಡುಗಳ ಪದ್ಧತಿ. ಜಿಪಿಎಸ್ ಇಲ್ಲದ ಗೈಡಿಗೆ ಕೆಲಸವಿಲ್ಲ. ಅಂಗಡಿಯಲ್ಲಿ ಸೇರಿದ್ದ ಗೈಡುಗಳಲ್ಲಿ ಎಲ್ಲರಿಗಿಂತ ಹಿರಿಯಳಾದ ಹಂಪಮ್ಮ ಅದನ್ನು ಬೆಂಚಿನ ಮೇಲಿಟ್ಟು ಕೇಳಿದಳು: "ಯಾರ ಕೂಡ ಹೋಗ್ತಿಯವ್ವಾ?"

"ಗಾದಿಲಿಂಗ ನನ್ನ ಕಳಕೊಂಡಿಲ್ಲಬೇ. ದಾರಿ ತಪ್ಪೇತಿ ಅಂದಿದ್ದಕ್ಕ ಎತ್ತಿ ಒಗದಾನ."

"ದಾರಿ ನನಗ ಗೊತ್ತಿತ್ತು! ನಾ ಹುಟ್ಟಿದ್ದ ಇಲ್ಲಿ!" ಎಂದು ಕೂಗಿದೆ.

"ಹೌದೌದು, ಅದಕ್ಕ ಆರು ಮಂದೀನ ಕರಡಿ ಗವಿಗೆ ಕರಕೊಂಡು ಹೊಂಟಿದ್ದಿ," ಎಂದಿತು. ಎಲ್ಲರೂ ಗೊಳ್ಳೆಂದು ನಕ್ಕರು.

ಯಮನೂರ ಮಾತ್ರ ನಗಲಿಲ್ಲ. ಅದನ್ನೆತ್ತಿಕೊಂಡು, ಒಡೆದ ಗಾಜಿನ ಮೇಲೆ ಮೆಲ್ಲಗೆ ಬೆರಳಾಡಿಸಿ, "ಇನ್ನೂ ನೋಯ್ತದೇನು?" ಎಂದು ಕೇಳಿದ.

"ಬಿಸಿಲಾಗ ಒಂದೀಟು," ಎಂದಿತು.

ನನಗೆ ತಡೆಯಲಾಗಲಿಲ್ಲ. ಅವನ ತಲೆಗೆ ಗುರಿಯಿಟ್ಟು ಕಲ್ಲೆತ್ತಿದೆ. ಜಾರುವ ಬಂಡೆಗಳ ಅಂಚಿನಿಂದ ಎಷ್ಟೋ ಸಲ ನನ್ನನ್ನು ಹಿಂದಕ್ಕೆ ಕರೆದಿದ್ದ ಅದೇ ಗಾಬರಿಯ ದನಿಯಲ್ಲಿ ಅದು ಕಿರುಚಿತು:

"ಯಮನೂರಾ, ಹಿಂದಕ್ಕ ಸರಿ!"