ಭಾರತದೊಳಗೆ ಹಿಡಿಸಿದ ಸೆರೆಸ್

ನೀಲವ್ವನ ಮನೆಯವರು ಮೂರು ತಲೆಮಾರಿನಿಂದ ಸೆರೆಸ್ ಎಂಬ ಕುಬ್ಜಗ್ರಹದಲ್ಲಿ ಮಂಜುಗಡ್ಡೆ ಅಗೆದು, ಕರಗಿಸಿ, ಭೂಮಿಗೆ ನೀರು ಕಳಿಸುತ್ತ ಬಂದವರು. ಭೂಮಿಯಲ್ಲಿ ಕುಡಿಯಲು ಬೇರೆ ನೀರೇ ಉಳಿದಿರಲಿಲ್ಲ. ಸೆರೆಸ್‌ನವರು ಕೇಳಿದ್ದು ತಮ್ಮದೇ ಒಂದು ಪಂಚಾಯಿತಿ. ಅದಾಗದೆಂದು ಹೇಳಲು ಬಂದ ಭೂಮಿಯ ಅಧಿಕಾರಿ ನೀಲವ್ವನ ಮನೆಯ ಗೋಡೆಗೆ ನಕ್ಷೆಯೊಂದನ್ನು ಅಂಟಿಸಿದ. ಭಾರತದ ಗಡಿಯೊಳಗೆ ಸೆರೆಸ್‌ನ ನೆಲವನ್ನೆಲ್ಲ ಹರಡಿ ತೋರಿಸಿದ್ದರು.

"ನೋಡಮ್ಮ, ನಿಮ್ಮ ಇಡೀ ಲೋಕ ನಮ್ಮ ದೇಶದಷ್ಟೂ ಇಲ್ಲ. ಇಷ್ಟಕ್ಕೆ ಪಂಚಾಯಿತಿ ಬೇರೆ ಕೇಡು."

ನೀಲವ್ವನ ಮೈಯೆಲ್ಲ ಉರಿಯಿತು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಡುವುದು ಅಜ್ಜಿಯ ಕಾಲದ ಪದ್ಧತಿ. ಬೆಲ್ಲದ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು. ನೀರಿನ ತಂಬಿಗೆಯನ್ನು ಎತ್ತಿ ತಾನೇ ಗಟಗಟ ಕುಡಿದು ಬರಿದು ಮಾಡಿದಳು.

"ಬೆಲ್ಲ ತಿನ್ರಿ ಸಾಹೇಬ್ರ. ನೀರು ನಿಮ್ಮ ದೊಡ್ಡ ದೇಶದಾಗ ಕುಡೀರಿ."